ಅಮೆರಿಕದಲ್ಲಿ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಆಗಬೇಕು: ಎಂಎಸ್‌ಎನ್ ಸಾಕಾ, ಡಿಎನ್‌ಪಿ ಬೇಕಾ?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬಿಎಸ್ಸಿ ನರ್ಸಿಂಗ್ ಮಾಡಿದ್ದೇನೆ. ಗಂಡನ ಎಚ್-1ಬಿ ಮೇಲೆ ಅಮೆರಿಕಕ್ಕೆ ಬಂದು, ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ, ಡಲ್ಲಾಸ್ ಹತ್ತಿರದ ಆಸ್ಪತ್ರೆಯ ಟೆಲಿಮೆಟ್ರಿ (ಹೃದಯ ಬಡಿತವನ್ನು ಸದಾ ಗಮನಿಸುವ) ವಾರ್ಡಿನಲ್ಲಿ ಆರು ವರ್ಷದಿಂದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿದ್ದೇನೆ. ಈಗ ಗ್ರೀನ್ ಕಾರ್ಡ್ ಬಂದಿದೆ. ಇಬ್ಬರು ಮಕ್ಕಳು. ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಆಗುವ ಆಸೆ. ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಮಾಡಲಾ, ಡಿಎನ್‌ಪಿ (ನರ್ಸಿಂಗ್ ಪ್ರಾಕ್ಟಿಸ್‌ನ ಡಾಕ್ಟರೇಟ್) ಮಾಡಲಾ? ಮೊದಲು ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಮಾಡಿಕೊಂಡು ಆಮೇಲೆ ಇದಕ್ಕೆ ಬಾ ಅಂತಾರೆ, ಅದು ಸರಿಯಾ? ಪೂರ್ತಿ ಆನ್‌ಲೈನ್ ಕೋರ್ಸ್ ನಡೆಯುತ್ತಾ? ಸೈಕಿಯಾಟ್ರಿ ವಾರ್ಡಿನ ಅನುಭವ ನನಗೆ ಇಲ್ಲವೇ ಇಲ್ಲ. ಇನ್ನೊಂದು, ಬೆಂಗಳೂರಿನಲ್ಲಿರುವ ನನ್ನ ಗೆಳತಿ ಎಂಎಸ್ಸಿ ಸೈಕಿಯಾಟ್ರಿಕ್ ನರ್ಸಿಂಗ್ ಮಾಡಿದ್ದಾಳೆ. ಅವಳ ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಎಂಎಸ್‌ಎನ್ ಸಾಕು. ಮನಸ್ಸು ಸೈಕಿಯಾಟ್ರಿ ಕಡೆಗೇ ಇದ್ದರೆ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ದಾರಿಯಲ್ಲಿ ಸುತ್ತಿಕೊಂಡು ಬರಬೇಡಿ. ಪಾಠ ಆನ್‌ಲೈನ್ ಇದ್ದರೆ ತೊಂದರೆ ಇಲ್ಲ, ಆದರೆ ಕ್ಲಿನಿಕಲ್ ತರಬೇತಿ ಎಲ್ಲಿ, ಯಾರ ಹತ್ತಿರ ಅಂತ ತಿಳಿಯದೆ ಒಂದು ಡಾಲರೂ ಕಟ್ಟಬೇಡಿ. ಅರ್ಜಿ ಹಾಕುವ ಮೊದಲು ಒಂದಷ್ಟು ಕಾಲ ಸೈಕಿಯಾಟ್ರಿ ವಾರ್ಡಿನಲ್ಲಿ ಆರ್‌ಎನ್ ಆಗಿ ಕೆಲಸ ಮಾಡಿ. ಗೆಳತಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೆಚ್ಚಿನವರು ನನ್ನನ್ನು ಕೇಳುವುದು ಡಿಗ್ರಿಯ ಹೆಸರಿನ ಬಗ್ಗೆ. ನನ್ನ ಹತ್ತಿರ ಕ್ಲಿನಿಕಲ್‌ಗೆ ಬರುವ ವಿದ್ಯಾರ್ಥಿಗಳನ್ನು ನೋಡಿದಾಗ ಮಾತ್ರ ಯಾರು ಎಂಎಸ್‌ಎನ್, ಯಾರು ಡಿಎನ್‌ಪಿ ಅಂತ ಗೊತ್ತೇ ಆಗುವುದಿಲ್ಲ. ಯಾರಿಗೆ ಒಳ್ಳೆಯ ಪ್ರಿಸೆಪ್ಟರ್ ಸಿಕ್ಕಿದ್ದರು, ಯಾರಿಗೆ ಸಿಕ್ಕಿರಲಿಲ್ಲ ಅನ್ನುವುದು ಬೆಳಿಗ್ಗೆ ಎರಡು ರೋಗಿಗಳನ್ನು ನೋಡುವಷ್ಟರಲ್ಲಿ ಗೊತ್ತಾಗುತ್ತದೆ. ಪ್ರಿಸೆಪ್ಟರ್ ಅಂದರೆ ಕ್ಲಿನಿಕ್‌ನಲ್ಲಿ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವವರು. ಅದಕ್ಕೇ ಈ ಉತ್ತರದಲ್ಲಿ ಆ ವಿಷಯ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಈ ಕೆಲಸ ಏನು ಅನ್ನುವುದನ್ನು ಒಮ್ಮೆ ಸರಿಯಾಗಿ ನೋಡೋಣ. ಅಮೆರಿಕದಲ್ಲಿ 2008ರಲ್ಲಿ ಒಂದು ಒಪ್ಪಂದದ ಚೌಕಟ್ಟು ಬಂತು. ಅದನ್ನು ಎಪಿಆರ್‌ಎನ್ ಕನ್ಸೆನ್ಸಸ್ ಮಾಡೆಲ್ ಅನ್ನುತ್ತಾರೆ. ಅದರ ಪ್ರಕಾರ ಆರ್‌ಎನ್‌ಗಿಂತ ಮೇಲಿನ ಹಂತದಲ್ಲಿ, ಅಂದರೆ ಎಪಿಆರ್‌ಎನ್ ಹಂತದಲ್ಲಿ, ನಾಲ್ಕು ಪಾತ್ರಗಳಿವೆ: ನರ್ಸ್ ಪ್ರಾಕ್ಟಿಷನರ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ನರ್ಸ್ ಅನಸ್ತೆಟಿಸ್ಟ್, ನರ್ಸ್ ಮಿಡ್‌ವೈಫ್. ಜೊತೆಗೆ ಯಾರನ್ನು ನೋಡಿಕೊಳ್ಳುತ್ತೀರಿ ಅನ್ನುವ ಆರು ವಿಭಾಗಗಳಿವೆ. ಅದರಲ್ಲಿ ಸೈಕಿಯಾಟ್ರಿಕ್-ಮೆಂಟಲ್ ಹೆಲ್ತ್ ಒಂದು. ಪಾತ್ರ ಮತ್ತು ವಿಭಾಗ ಎರಡನ್ನೂ ಸೇರಿಸಿ ಪಿಎಂಎಚ್‌ಎನ್‌ಪಿ ಅನ್ನುತ್ತಾರೆ. ಮುಂಚೆ ದೊಡ್ಡವರಿಗೆ ಬೇರೆ ಸರ್ಟಿಫಿಕೇಷನ್ ಇತ್ತು. ಈಗ ಒಂದೇ, ಚಿಕ್ಕ ಮಕ್ಕಳಿಂದ ವಯಸ್ಸಾದವರವರೆಗೆ ಎಲ್ಲರಿಗೂ. ಅಂದರೆ ನೀವು ದೊಡ್ಡವರನ್ನು ಮಾತ್ರ ನೋಡಬೇಕು ಅಂದುಕೊಂಡಿದ್ದರೂ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರುವ ಮಗುವನ್ನೂ, ಡಿಮೆನ್ಶಿಯಾ ಇರುವ ಅಜ್ಜಿಯನ್ನೂ ಕಲಿಯುವಾಗ ನೋಡಲೇಬೇಕು.

ಕೆಲಸ ಇಷ್ಟು: ರೋಗಿಯ ಮಾತು ಕೇಳಿ ರೋಗ ಗುರುತಿಸುವುದು, ಔಷಧಿ ಬರೆಯುವುದು, ಅದರ ಅಡ್ಡಪರಿಣಾಮ ನೋಡಿಕೊಳ್ಳುವುದು, ಸಾಧ್ಯವಾದಷ್ಟು ಸೈಕೋಥೆರಪಿ ಕೊಡುವುದು, ಆತ್ಮಹತ್ಯೆಯ ಅಪಾಯ ಅಳೆಯುವುದು, ಮನೆಯವರ ಜೊತೆ ಮಾತಾಡುವುದು. ಇದರಲ್ಲಿ ಔಷಧಿ ಬರೆಯುವುದೊಂದನ್ನೇ ನೋಡಿ ಈ ದಾರಿಗೆ ಬರುವವರು ಜಾಸ್ತಿ. ಅವರಿಗೆ ಎರಡನೇ ಸೆಮಿಸ್ಟರ್‌ಗೆ ಬೇಸರ ಶುರುವಾಗುತ್ತದೆ.

ಇತಿಹಾಸದ ಒಂದು ಸಣ್ಣ ವಿಷಯ. ಅಮೆರಿಕದಲ್ಲಿ ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲಿ ಕ್ಲಿನಿಕಲ್ ಸ್ಪೆಷಲಿಸ್ಟ್‌ಗಳ ಸ್ನಾತಕೋತ್ತರ ತರಬೇತಿಯನ್ನು ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ನರ್ಸ್ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ಶುರು ಮಾಡಿದ್ದು 1954ರಲ್ಲಿ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಶುರುವಾಯಿತು. 1974ರಲ್ಲಿ ನಿಮ್ಹಾನ್ಸ್ ಆಗಿದ್ದು ಅದೇ. ಎರಡೂ ಕಡೆ ನರ್ಸ್‌ಗಳು ಮಾನಸಿಕ ರೋಗಿಗಳ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದರು, ಆದರೆ ದಾರಿ ಬೇರೆ ಆಯಿತು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಡಾ. ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟಿಷನರ್ ಅನ್ನುವ ಪಾತ್ರವನ್ನೇ ಹುಟ್ಟುಹಾಕಿದರು. ಆಮೇಲೆ ಅಮೆರಿಕದ ನರ್ಸ್‌ಗಳಿಗೆ ಔಷಧಿ ಬರೆಯುವ ಅಧಿಕಾರ ಒಂದೊಂದು ರಾಜ್ಯದಲ್ಲಿ ನಿಧಾನವಾಗಿ ಬಂತು. ಭಾರತದಲ್ಲಿ ಸೈಕಿಯಾಟ್ರಿಕ್ ನರ್ಸ್‌ಗೆ ಆ ಅಧಿಕಾರ ಇಲ್ಲ. ಗೆಳತಿಯ ಪ್ರಶ್ನೆಯ ಬೇರು ಇಲ್ಲೇ ಇದೆ.

ಈಗ ದಾರಿಗಳು. ನಿಮ್ಮದು ನಾಲ್ಕು ವರ್ಷದ ಬಿಎಸ್ಸಿ, ಆದ್ದರಿಂದ ನಿಮಗೆ ಸಹಜವಾದದ್ದು ಬಿಎಸ್‌ಎನ್‌ನಿಂದ (ಅಂದರೆ ನರ್ಸಿಂಗ್ ಬ್ಯಾಚುಲರ್ ಡಿಗ್ರಿಯಿಂದ) ಎಂಎಸ್‌ಎನ್. ಪೂರ್ತಿ ಸಮಯ ಓದಿದರೆ ಸುಮಾರು ಎರಡು ವರ್ಷ, ಕೆಲಸದ ಜೊತೆ ಓದಿದರೆ ಮೂರು. ಎರಡನೆಯದು ಬಿಎಸ್‌ಎನ್‌ನಿಂದ ನೇರ ಡಿಎನ್‌ಪಿ, ಮೂರರಿಂದ ನಾಲ್ಕು ವರ್ಷ. ಈಗಾಗಲೇ ಬೇರೆ ವಿಭಾಗದ ನರ್ಸ್ ಪ್ರಾಕ್ಟಿಷನರ್ ಆಗಿರುವವರಿಗೆ ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟ್ ಇದೆ, ಒಂದು ಒಂದೂವರೆ ವರ್ಷದ್ದು. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇರುವ ಆರ್‌ಎನ್‌ಗಳಿಗೆ ಬ್ರಿಡ್ಜ್ ಕೋರ್ಸ್‌ಗಳಿವೆ. ನರ್ಸಿಂಗ್ ಓದದೆ ಬೇರೆ ಡಿಗ್ರಿ ಮಾಡಿದವರಿಗೆ ನೇರ ಪ್ರವೇಶದ ಕೋರ್ಸೂ ಇದೆ. ಇವು ಯಾವುವೂ ನಿಮಗೆ ಬೇಡ. ನಮ್ಮಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮಾತ್ರ ಮಾಡಿ ಬಂದವರಿದ್ದರೆ ಅವರ ಲೆಕ್ಕ ಬೇರೆ. ಅದನ್ನು ಇಲ್ಲಿ ಸಾಮಾನ್ಯವಾಗಿ ಬ್ಯಾಚುಲರ್ ಡಿಗ್ರಿ ಅಂತ ಎಣಿಸುವುದಿಲ್ಲ, ಮೊದಲು ಆರ್‌ಎನ್‌ನಿಂದ ಬಿಎಸ್‌ಎನ್ ಮಾಡಿಕೊಳ್ಳಬೇಕಾಗುತ್ತದೆ.

ಡಿಎನ್‌ಪಿ ಬಗ್ಗೆ ಇಷ್ಟೊಂದು ಗೊಂದಲ ಯಾಕೆ ಅಂದರೆ, ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ ಒಂದು ನಿಲುವು ತೆಗೆದುಕೊಂಡಿತ್ತು: 2015ರ ಹೊತ್ತಿಗೆ ಈ ಮಟ್ಟದ ಎಲ್ಲ ನರ್ಸಿಂಗ್‌ಗೂ ಡಿಎನ್‌ಪಿ ಬೇಕು ಅಂತ. 2015 ಬಂತು, ಹೋಯಿತು. ನರ್ಸ್ ಪ್ರಾಕ್ಟಿಷನರ್ ಶಿಕ್ಷಕರ ಸಂಘ 2018ರಲ್ಲಿ ಅದನ್ನು 2025ಕ್ಕೆ ಮುಂದೂಡಿ ಮತ್ತೆ ಹೇಳಿತು. ಅದೂ ಕಾನೂನು ಆಗಲಿಲ್ಲ. ಅನಸ್ತೀಸಿಯಾ ನರ್ಸ್‌ಗಳಿಗೆ ಡಾಕ್ಟರೇಟ್ ಕಡ್ಡಾಯ ಆಗಿದೆ. ಅದನ್ನು ಕೇಳಿದವರು ನಮಗೂ ಆಗಿದೆ ಅಂತ ಹೇಳಿಕೊಂಡು ತಿರುಗುತ್ತಾರೆ. ಆಗಿಲ್ಲ. ಎಂಎಸ್‌ಎನ್ ಮಾಡಿದವರೂ ಡಿಎನ್‌ಪಿ ಮಾಡಿದವರೂ ಬರೆಯುವುದು ಅದೇ ಸರ್ಟಿಫಿಕೇಷನ್ ಪರೀಕ್ಷೆ, ಪಡೆಯುವುದು ಅದೇ ಲೈಸೆನ್ಸ್.

ಡಿಎನ್‌ಪಿಯಲ್ಲಿ ಹೆಚ್ಚಿಗೆ ಸಿಗುವುದು ಏನು? ಬ್ಯಾಚುಲರ್ ಆದ ಮೇಲೆ ಒಟ್ಟು ಸಾವಿರ ಗಂಟೆ ಪ್ರಾಕ್ಟಿಸ್ ಅನ್ನುವುದು ಅಲ್ಲಿ ರೂಢಿಯಾದ ಲೆಕ್ಕ. ಆದರೆ ಹೆಚ್ಚುವರಿ ಗಂಟೆಗಳಲ್ಲಿ ಒಂದು ದೊಡ್ಡ ಭಾಗ ಕ್ವಾಲಿಟಿ ಪ್ರಾಜೆಕ್ಟ್, ನಾಯಕತ್ವ, ನೀತಿ ಇಂಥವಕ್ಕೆ ಹೋಗುತ್ತದೆ, ರೋಗಿಗಳಿಗಲ್ಲ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು, ಆಡಳಿತಕ್ಕೆ ಹೋಗಬೇಕು ಅನ್ನುವವರಿಗೆ ಅದು ಚೆನ್ನಾಗಿದೆ. ಕ್ಲಿನಿಕ್‌ನಲ್ಲಿ ಕೂತು ರೋಗಿಗಳನ್ನು ನೋಡಬೇಕು ಅನ್ನುವವರಿಗೆ ಅದೇ ಒಂದೆರಡು ವರ್ಷವನ್ನು ನಿಜವಾದ ಕೆಲಸದಲ್ಲಿ ಕಳೆಯುವುದೇ ಲಾಭ ಅಂತ ನನ್ನ ಅಭಿಪ್ರಾಯ. ಆಮೇಲೆ ಬೇಕೆನಿಸಿದರೆ ಎಂಎಸ್‌ಎನ್ ಮೇಲೆ ಡಿಎನ್‌ಪಿ ಮಾಡಲು ದಾರಿ ತೆರೆದೇ ಇರುತ್ತದೆ, ಎಷ್ಟೋ ಸಲ ಕೆಲಸ ಕೊಟ್ಟವರ ದುಡ್ಡಿನಲ್ಲಿ.

ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಮೊದಲು ಅನ್ನುವ ಸಲಹೆಗೆ ಒಂದು ಹಳೆಯ ತರ್ಕ ಇದೆ: ದೇಹದ ಕಾಯಿಲೆ ಗೊತ್ತಿರಲಿ, ಕೆಲಸ ಎಲ್ಲಾದರೂ ಸಿಗಲಿ ಅಂತ. ಎರಡೂ ಸರ್ಟಿಫಿಕೇಷನ್ ಇರುವವರು ಹಳ್ಳಿಗಾಡಿನ ಕ್ಲಿನಿಕ್‌ಗಳಲ್ಲಿ ನಿಜಕ್ಕೂ ಬಹಳ ಉಪಯೋಗಕ್ಕೆ ಬರುತ್ತಾರೆ. ಆದರೆ ನಿಮಗೆ ಅದು ಎರಡು ಸಲ ಕ್ಲಿನಿಕಲ್, ಎರಡು ಸಲ ಫೀಸು, ಎರಡು ಸಲ ಪರೀಕ್ಷೆ. ಫ್ಯಾಮಿಲಿ ಸರ್ಟಿಫಿಕೇಟ್ ಇಟ್ಟುಕೊಂಡು ಸ್ಕಿಜೋಫ್ರೇನಿಯಾ, ಬೈಪೋಲಾರ್ ರೋಗಿಗಳನ್ನು ಪೂರ್ತಿಯಾಗಿ ನೋಡಿಕೊಳ್ಳಲು ಹೋದರೆ ನಿಮ್ಮ ತರಬೇತಿಯ ಗಡಿ ದಾಟಿದ ಹಾಗೆ ಆಗುತ್ತದೆ, ಲೈಸೆನ್ಸ್ ಕೊಡುವ ಬೋರ್ಡ್ ಆಫ್ ನರ್ಸಿಂಗ್ ಸುಮ್ನೆ ಬಿಡುವುದಿಲ್ಲ. ಹಾಗಾಗಿ ನೇರವಾಗಿ ಇಲ್ಲಿಗೇ ಬನ್ನಿ.

ಕೋರ್ಸಿನ ಒಳಗೆ ಏನಿರುತ್ತದೆ? ಎಲ್ಲ ಕಾಲೇಜಿನಲ್ಲೂ ಮೂರು ವಿಷಯ ಕಡ್ಡಾಯ: ಮೇಲಿನ ಹಂತದ ಪ್ಯಾಥೊಫಿಸಿಯಾಲಜಿ, ಹೆಲ್ತ್ ಅಸೆಸ್‌ಮೆಂಟ್, ಫಾರ್ಮಕಾಲಜಿ. ಇಲ್ಲಿ ಇವನ್ನು ಥ್ರೀ ಪೀಸ್, ಅಂದರೆ ಮೂರು 'ಪಿ'ಗಳು ಅನ್ನುತ್ತಾರೆ (ಅಸೆಸ್‌ಮೆಂಟ್‌ನ 'ಪಿ' ಫಿಸಿಕಲ್ ಅನ್ನುವುದರದ್ದು). ಆಮೇಲೆ ಮೆದುಳಿನ ವಿಜ್ಞಾನ, ಸೈಕೋಫಾರ್ಮಕಾಲಜಿ, ರೋಗ ನಿರ್ಣಯ, ಮಕ್ಕಳ ಸೈಕಿಯಾಟ್ರಿ, ವ್ಯಸನ, ಗುಂಪು ಮತ್ತು ಕುಟುಂಬ ಚಿಕಿತ್ಸೆ. ಪರೀಕ್ಷೆ ನಡೆಸುವ ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್, ಅಂದರೆ ಎಎನ್‌ಸಿಸಿ, ಕನಿಷ್ಠ 500 ಗಂಟೆ ಮೇಲ್ವಿಚಾರಣೆಯ ಕ್ಲಿನಿಕಲ್ ಕೇಳುತ್ತದೆ. ಜೊತೆಗೆ ಕನಿಷ್ಠ ಎರಡು ಬಗೆಯ ಸೈಕೋಥೆರಪಿಯಲ್ಲಿ ಕ್ಲಿನಿಕಲ್ ತರಬೇತಿ ಆಗಿರಬೇಕು. ನರ್ಸ್ ಪ್ರಾಕ್ಟಿಷನರ್ ಶಿಕ್ಷಣದ ರಾಷ್ಟ್ರೀಯ ಮಾನದಂಡ 2022ರಲ್ಲಿ ಕನಿಷ್ಠ ಗಂಟೆಗಳನ್ನು 750ಕ್ಕೆ ಏರಿಸಿತು. ಕಾಲೇಜು ಇನ್ನೂ 500ರ ಹತ್ತಿರವೇ ನಿಂತಿದ್ದರೆ ಯಾಕೆ ಅಂತ ಕೇಳಿ.

ಈ 750 ಗಂಟೆಯನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ, 15 ವಾರದ ಸೆಮಿಸ್ಟರ್. 240 ಗಂಟೆ ಆಯಿತು. ಮೂರು ಸೆಮಿಸ್ಟರ್‌ಗೆ 720. ಈಗ ನೀವು ವಾರಕ್ಕೆ ಮೂರು 12 ಗಂಟೆಯ ಶಿಫ್ಟ್ ಮಾಡುತ್ತೀರಿ ಅಂತಿಟ್ಟುಕೊಳ್ಳೋಣ. ಐದು ದಿನ ಹೊರಗೇ ಹೋಯಿತು. ಓದು, ಪೇಪರ್ ಬರೆಯುವುದು, ಮಕ್ಕಳು ಎಲ್ಲ ಉಳಿದ ಎರಡು ದಿನದಲ್ಲಿ. ಮೊದಲ ವರ್ಷ ಪೂರ್ತಿ ಕೆಲಸ ಮಾಡಿಕೊಂಡು ಓದಬಹುದು. ಕ್ಲಿನಿಕಲ್ ಶುರುವಾದ ಮೇಲೆ ಪಾರ್ಟ್ ಟೈಮ್ ಅಥವಾ ಪಿಆರ್‌ಎನ್‌ಗೆ (ಆಸ್ಪತ್ರೆಗೆ ಬೇಕಾದಾಗ ಮಾತ್ರ ಶಿಫ್ಟ್ ಮಾಡುವ ಕೆಲಸಕ್ಕೆ) ಇಳಿಯುವ ಮಾತನ್ನು ಗಂಡನ ಜೊತೆ ಈಗಲೇ ಆಡಿಬಿಡಿ. ಹೆಲ್ತ್ ಇನ್ಶೂರೆನ್ಸ್ ಯಾರ ಕೆಲಸದ ಮೇಲಿದೆ ಅನ್ನುವುದನ್ನೂ ನೋಡಿಕೊಳ್ಳಿ.

ಇನ್ನು ಆನ್‌ಲೈನ್ ವಿಷಯ. ಒಳ್ಳೆಯ ವಿಶ್ವವಿದ್ಯಾಲಯಗಳೂ ಈಗ ಪಾಠವನ್ನು ಆನ್‌ಲೈನ್ ಅಥವಾ ಅರ್ಧಂಬರ್ಧ ಆನ್‌ಲೈನ್ ಮಾಡುತ್ತವೆ. ಟೆನೆಸ್ಸಿಯ ವ್ಯಾಂಡರ್‌ಬಿಲ್ಟ್‌ನಲ್ಲಿ ದೂರದಲ್ಲಿರುವ ವಿದ್ಯಾರ್ಥಿಗಳು ಆಗಾಗ ಕ್ಯಾಂಪಸ್‌ಗೆ ಹೋಗಿ ಬರುವ ಪದ್ಧತಿ ಇದೆ. ಟೆಕ್ಸಾಸ್‌ನಲ್ಲೇ ಇರುವುದರಿಂದ ನೀವು ಯುಟಿ ಆರ್ಲಿಂಗ್ಟನ್, ಯುಟಿ ಆಸ್ಟಿನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮೊದಲು ನೋಡಿ. ರಾಜ್ಯದ ನಿವಾಸಿಗೆ ಫೀಸು ಕಡಿಮೆ. ಆದ್ದರಿಂದ ಆನ್‌ಲೈನ್ ಅನ್ನುವ ಒಂದೇ ಕಾರಣಕ್ಕೆ ಕೋರ್ಸ್ ಕೆಟ್ಟದಲ್ಲ. ಕೆಟ್ಟದ್ದು ಯಾವುದೆಂದರೆ, ಯಾರು ಅರ್ಜಿ ಹಾಕಿದರೂ ಸೇರಿಸಿಕೊಂಡು, ಫೀಸು ಕಟ್ಟಿಸಿಕೊಂಡು, ಕ್ಲಿನಿಕಲ್ ಬಂದಾಗ "ಪ್ರಿಸೆಪ್ಟರ್‌ನ ನೀವೇ ಹುಡುಕಿಕೊಳ್ಳಿ" ಅನ್ನುವುದು.

ಇದು ಬರೀ ಅನನುಕೂಲದ ಮಾತಲ್ಲ. ಸೈಕಿಯಾಟ್ರಿಯಲ್ಲಿ ಪ್ರಿಸೆಪ್ಟರ್‌ಗಳು ಕಡಿಮೆ, ವಿದ್ಯಾರ್ಥಿಗಳು ಜಾಸ್ತಿ. ನೂರು ಇಮೇಲ್ ಕಳಿಸಿದರೂ ಉತ್ತರ ಬರದೆ, ಸೆಮಿಸ್ಟರ್ ಮುಂದೂಡಿಕೊಂಡು, ಕೊನೆಗೆ ಏಜೆನ್ಸಿಗೆ ದುಡ್ಡು ಕೊಟ್ಟು ಜಾಗ ಕೊಂಡುಕೊಳ್ಳುವವರನ್ನು ನೋಡುತ್ತಲೇ ಇದ್ದೇನೆ. ಹಾಗೆ ಸಿಕ್ಕಿದ ಜಾಗದಲ್ಲಿ ಎಷ್ಟೋ ಸಲ ವಿಡಿಯೊ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತು ಹತ್ತು ನಿಮಿಷದ ಔಷಧಿ ರೀಫಿಲ್ ನೋಡುವುದೇ ಕ್ಲಿನಿಕಲ್. ದಡದಲ್ಲಿ ಕೂತು ಈಜು ಕಲಿತ ಹಾಗೆ. ಗಂಟೆಯ ಲೆಕ್ಕ ತುಂಬುತ್ತದೆ, ಕೈಗೆ ಏನೂ ಹತ್ತುವುದಿಲ್ಲ. ಅಂಥವರು ಮೊದಲ ಕೆಲಸದಲ್ಲಿ ಆತ್ಮಹತ್ಯೆಯ ಮಾತಾಡುವ ರೋಗಿ ಎದುರು ಕೂತಾಗ ಏನು ಮಾಡಬೇಕು?

ಹಾಗಾಗಿ ಕಾಲೇಜಿಗೆ ಫೋನ್ ಮಾಡಿದಾಗ ಅಡ್ಮಿಷನ್ ಆಫೀಸಿನವರ ಸಿಹಿ ಮಾತಿಗೆ ನಿಲ್ಲಬೇಡಿ. ಪ್ರೋಗ್ರಾಂ ಡೈರೆಕ್ಟರ್ ಜೊತೆ ಮಾತಾಡಬೇಕು ಅನ್ನಿ. ಕ್ಲಿನಿಕಲ್ ಜಾಗವನ್ನು ನೀವೇ ಕೊಡಿಸುತ್ತೀರಾ, ಅದನ್ನು ಬರವಣಿಗೆಯಲ್ಲಿ ಕೊಡುತ್ತೀರಾ ಅಂತ ಕೇಳಿ. ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಜಾಗ ಸಿಗದೆ ತಡ ಮಾಡಿಕೊಂಡರು ಅಂತ ಕೇಳಿ. ಇನ್‌ಪೇಷಂಟ್ ವಾರ್ಡಿನಲ್ಲಿ ಎಷ್ಟು ಗಂಟೆ, ಮಕ್ಕಳ ಜೊತೆ ಎಷ್ಟು, ಥೆರಪಿ ಮಾಡಿಸುವುದು ಯಾರು, ನಾನು ರೋಗಿಯ ಜೊತೆ ಮಾತಾಡುವುದನ್ನು ಅಧ್ಯಾಪಕರು ಯಾವಾಗಲಾದರೂ ಕಣ್ಣಾರೆ ನೋಡುತ್ತಾರಾ? ಎಎನ್‌ಸಿಸಿ ಪರೀಕ್ಷೆಯಲ್ಲಿ ಮೊದಲ ಸಲವೇ ಎಷ್ಟು ಜನ ಪಾಸಾದರು? ಮಾನ್ಯತೆ ಸಿಸಿಎನ್‌ಇಯದಾ, ಎಸಿಇಎನ್‌ದಾ, ಸಿಎನ್‌ಇಎಯದಾ? ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಸಿ. ಇನ್ನೊಂದು ಪ್ರಶ್ನೆ ಎಲ್ಲರೂ ಮರೆಯುತ್ತಾರೆ: ಬೇರೆ ರಾಜ್ಯದ ಕಾಲೇಜಾದರೆ ಟೆಕ್ಸಾಸ್‌ನಲ್ಲಿ ಕ್ಲಿನಿಕಲ್ ಮಾಡಿಸಲು ಅವರಿಗೆ ಅನುಮತಿ ಇದೆಯಾ? ಗಂಡನ ಕೆಲಸದ ಮೇಲೆ ನಡುವೆ ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂದರೆ ಏನಾಗುತ್ತದೆ? ನಮ್ಮ ಐಟಿ ಕುಟುಂಬಗಳಲ್ಲಿ ಇದು ಆಗುವ ಮಾತೇ ಅಲ್ವಾ.

ಸೈಕಿಯಾಟ್ರಿ ಅನುಭವ ಇಲ್ಲ ಅಂತ ಬರೆದಿದ್ದೀರಿ. ಪೂರ್ತಿ ನಿಜ ಅಲ್ಲ. ಬಿಎಸ್ಸಿಯಲ್ಲಿ ನಿಮಗೂ ಸೈಕಿಯಾಟ್ರಿ ಪೋಸ್ಟಿಂಗ್ ಆಗಿರುತ್ತದೆ, ನಿಮ್ಹಾನ್ಸ್‌ನಲ್ಲೋ, ಧಾರವಾಡದ ಡಿಮ್ಹಾನ್ಸ್‌ನಲ್ಲೋ, ಬೇರೆ ಆಸ್ಪತ್ರೆಯಲ್ಲೋ. ಆದರೆ ಅದು ವಿದ್ಯಾರ್ಥಿಯ ಕಣ್ಣು. ಕೆಲವು ಕಾಲೇಜುಗಳು ಸೈಕಿಯಾಟ್ರಿ ಆರ್‌ಎನ್ ಅನುಭವ ಕೇಳುವುದೇ ಇಲ್ಲ. ಅವರು ಕೇಳದಿದ್ದರೂ ನೀವು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ, ಒಂದು ವರ್ಷವಾದರೂ. ಡಲ್ಲಾಸ್‌ನಿಂದ ಪೂರ್ವಕ್ಕೆ ಟೆರೆಲ್‌ನಲ್ಲಿ ರಾಜ್ಯದ ಹಳೆಯ ಮಾನಸಿಕ ಆಸ್ಪತ್ರೆ ಇದೆ, 1885ರದ್ದು. ಖಾಸಗಿ ಆಸ್ಪತ್ರೆಗಳ ಬಿಹೇವಿಯರಲ್ ಹೆಲ್ತ್ ವಾರ್ಡುಗಳಿವೆ. ಈಗಿನ ಕೆಲಸ ಬಿಡದೆ ತಿಂಗಳಿಗೆ ನಾಲ್ಕೈದು ಪಿಆರ್‌ಎನ್ ಶಿಫ್ಟ್ ಮಾಡಿದರೂ ಆದೀತು. ಮೇನಿಯಾ, ಅಂದರೆ ಹುರುಪು ಮಿತಿಮೀರಿದ ಸ್ಥಿತಿ, ಕಣ್ಣೆದುರು ಹೇಗಿರುತ್ತದೆ, ಔಷಧಿ ಹತ್ತಿದ ಮೇಲೆ ಆ ಮನುಷ್ಯ ನಾಲ್ಕನೇ ದಿನ ಹೇಗಿರುತ್ತಾನೆ, ಕಿರುಚಾಡುವವರ ಹತ್ತಿರ ನಿಮ್ಮ ದನಿ ಹೇಗಿರಬೇಕು, ಇವೆಲ್ಲ ಅಲ್ಲೇ ಗೊತ್ತಾಗುವುದು. ಎರಡು ತಿಂಗಳಿಗೆ ಇದು ನನಗೆ ಒಗ್ಗಲ್ಲ ಅನ್ನಿಸಿದರೆ ಅದೂ ಲಾಭವೇ. ಫೀಸು ಉಳಿಯಿತು. ಅಲ್ಲಿ ಕೆಲಸ ಮಾಡುವ ಪ್ರಾಕ್ಟಿಷನರ್‌ಗಳ ಪರಿಚಯವೂ ಆಗುತ್ತದೆ, ನಾಳೆ ಪ್ರಿಸೆಪ್ಟರ್ ಆಗುವವರು ಅವರೇ.

ಹಾಗಂತ ಟೆಲಿಮೆಟ್ರಿಯ ಆರು ವರ್ಷ ನೀರಿಗೆ ಹೋಯಿತು ಅಂದುಕೊಳ್ಳಬೇಡಿ. ಇಸಿಜಿ ಓದಲು ಬರುವ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಸಿಗುವುದು ಅಪರೂಪ. ಹಾಲೊಪೆರಿಡಾಲ್, ಜಿಪ್ರಾಸಿಡೋನ್‌ನಂಥ ಸೈಕಿಯಾಟ್ರಿ ಔಷಧಿ ಕೊಟ್ಟಾಗ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗಿ ಹೃದಯದ ಲಯ ತಪ್ಪಬಹುದು. ಡಿಪ್ರೆಶನ್‌ಗೆ ಕೊಡುವ ಸಿಟಲೊಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು, 60 ವರ್ಷ ದಾಟಿದವರಿಗೆ 20ರ ಮೇಲೆ ಹೋಗಬಾರದು ಅಂತ ಔಷಧಿಗಳನ್ನು ನಿಯಂತ್ರಿಸುವ ಎಫ್‌ಡಿಎ ಹೇಳಿದ್ದು ಅದಕ್ಕೇ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವ ರೋಗಿಗೆ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1.2ರ ಒಳಗೆ ಇರಬೇಕು. ಬಿಪಿಗೆ ಅಂತ ಯಾರೋ ಲಿಸಿನೋಪ್ರಿಲ್ ಶುರು ಮಾಡಿದರೆ, ಮಂಡಿ ನೋವಿಗೆ ಅವರೇ ಐಬುಪ್ರೊಫೆನ್ ನುಂಗಿದರೆ, ಆ ಮಟ್ಟ ಏರಿ ವಿಷವಾಗಬಹುದು. ಈ ಔಷಧಿಗಳ ಪಟ್ಟಿ ನೀವು ದಿನಾ ನೋಡುವುದೇ. ಆಪರೇಷನ್ ಆದ ಮರುದಿನ ಗೋಡೆಯ ಮೇಲೆ ಹುಳ ಕಾಣುವ ಅಜ್ಜನಿಗೆ ಬಂದಿರುವುದು ಡೆಲಿರಿಯಂ (ದೇಹದ ತೊಂದರೆಯಿಂದ ದಿಢೀರ್ ಬರುವ ಗೊಂದಲ), ಹೊಸದಾಗಿ ಶುರುವಾದ ಸ್ಕಿಜೋಫ್ರೇನಿಯಾ ಅಲ್ಲ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಜಿಯ ಜೊತೆ ಬರೆಯುವ ಪ್ರಬಂಧದಲ್ಲಿ "ಬಾಲ್ಯದಿಂದಲೂ ಸೇವೆ ಮಾಡುವ ಆಸೆ" ಅಂತ ಬರೆಯುವ ಬದಲು ಇಂಥ ಒಂದು ರೋಗಿಯ ಕಥೆ ಬರೆಯಿರಿ, ಗುರುತು ಸಿಗದ ಹಾಗೆ.

ಭಾಷೆಯ ವಿಷಯವೂ ಇದೆ. ಡಲ್ಲಾಸ್ ಸುತ್ತಮುತ್ತ ನಮ್ಮವರು ತುಂಬಾ ಇದ್ದಾರೆ, ಆರಾರು ತಿಂಗಳಿಗೆ ಬಂದು ಹೋಗುವ ಅಪ್ಪ ಅಮ್ಮಂದಿರೂ ಇದ್ದಾರೆ. ಅವರು ಬಂದು "ನನಗೆ ಡಿಪ್ರೆಶನ್" ಅನ್ನುವುದಿಲ್ಲ. ತಲೆ ಭಾರ, ನಿದ್ದೆ ಇಲ್ಲ, ಹೊಟ್ಟೆಯಲ್ಲಿ ಗ್ಯಾಸ್, ಕೈಕಾಲಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಮಗ ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಹೇಳುವಾಗ ಅರ್ಧ ಮಾತು ನುಂಗಿಹೋಗುತ್ತದೆ. ಕನ್ನಡದಲ್ಲೇ ಕೇಳಬಲ್ಲ ಪ್ರಾಕ್ಟಿಷನರ್ ಅವರಿಗೆ ದೊಡ್ಡ ಸಹಾಯ. ಆದರೆ ಕ್ಲಿನಿಕಲ್‌ನಲ್ಲಿ ನಮ್ಮವರನ್ನೇ ಹುಡುಕಬೇಡಿ. ಪರಿಚಯದವರ ಪರಿಚಯದವರು ರೋಗಿಯಾಗಿ ಬಂದರೆ ಗುಟ್ಟು ಕಾಯುವುದು ಹೇಗೆ ಅನ್ನುವುದನ್ನು ಮೊದಲು ಪ್ರಿಸೆಪ್ಟರ್ ಜೊತೆ ಕೂತು ಮಾತಾಡಿಕೊಳ್ಳಬೇಕು. ಸಂಘದ ರಾಜ್ಯೋತ್ಸವದಲ್ಲಿ ಅವರೇ ಎದುರಿಗೆ ಸಿಗುತ್ತಾರೆ.

ಅರ್ಜಿಯ ಕೆಲಸ ಬೇಗ ಶುರು ಮಾಡಿ. ಆರ್‌ಎನ್ ಲೈಸೆನ್ಸ್‌ಗೆ ಮಾಡಿಸಿದ ಡಿಗ್ರಿ ಮೌಲ್ಯಮಾಪನ ಕಾಲೇಜಿಗೆ ಸಾಲದೆ ಇರಬಹುದು. ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಒಂದೊಂದು ವಿಷಯದ ಅಂಕವನ್ನೂ ಲೆಕ್ಕ ಹಾಕಿದ ವರದಿ ಕೇಳುತ್ತಾರೆ. ಅದಕ್ಕೆ ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್ ಬರಬೇಕು. ಊರಿನಲ್ಲಿರುವ ತಮ್ಮನನ್ನೋ ಅಣ್ಣನನ್ನೋ ಓಡಾಡಲು ಒಪ್ಪಿಸಿ. ಜಿಪಿಎ 3.0 ಕೇಳುವುದು ಸಾಮಾನ್ಯ. ಸ್ಟಾಟಿಸ್ಟಿಕ್ಸ್ ಬೇರೆಯೇ ಒಂದು ವಿಷಯವಾಗಿ ಓದಿರಬೇಕು ಅನ್ನುವ ಕಾಲೇಜುಗಳು ಬಹಳ. ನಮ್ಮ ಬಿಎಸ್ಸಿಯಲ್ಲಿ ಅದು ರಿಸರ್ಚ್ ಪೇಪರ್ ಜೊತೆ ಸೇರಿಹೋಗಿರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಮಾಡಿದರೆ ಆ ತೊಂದರೆ ಹೋಗುತ್ತದೆ, ಒಳ್ಳೆಯ ಗ್ರೇಡ್ ಬಂದರೆ ಅರ್ಜಿಗೂ ಬಲ. ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡು ವರ್ಷದ ಆಯಸ್ಸು, ಹಳೆಯದು ನಡೆಯುವುದಿಲ್ಲ. ಇಲ್ಲಿ ಆರ್‌ಎನ್ ಆಗಿ ಕೆಲಸ ಮಾಡುತ್ತಿರುವವರಿಗೆ ವಿನಾಯಿತಿ ಇದೆಯಾ ಅಂತ ಕೇಳಿ ನೋಡಿ.

ದುಡ್ಡಿನ ಮಾತು. ಸರ್ಕಾರದ ಲೆಕ್ಕದಲ್ಲಿ 2023ರಲ್ಲಿ ಆರ್‌ಎನ್‌ಗಳ ಮಧ್ಯದ ಸಂಬಳ ವರ್ಷಕ್ಕೆ ಸುಮಾರು 86,000 ಡಾಲರ್, ಎಲ್ಲ ಬಗೆಯ ನರ್ಸ್ ಪ್ರಾಕ್ಟಿಷನರ್‌ಗಳದ್ದು ಸುಮಾರು 1,26,000. ವ್ಯತ್ಯಾಸ ಇದೆ, ಆದರೆ ಓವರ್‌ಟೈಮ್ ಮಾಡುವ ಆರ್‌ಎನ್‌ಗೆ ಅದು ಅಂದುಕೊಂಡಷ್ಟು ದೊಡ್ಡದಲ್ಲ. ಆದ್ದರಿಂದ ಲಕ್ಷಗಟ್ಟಲೆ ಡಾಲರ್ ಸಾಲ ಮಾಡಬೇಡಿ. ಅದೂ ಅಲ್ಲದೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಕೇಂದ್ರ ಸರ್ಕಾರದ ಓದಿನ ಸಾಲ ಇಲ್ಲ. ಮಾಸ್ಟರ್ಸ್ ವಿದ್ಯಾರ್ಥಿಗೆ ಕೇಂದ್ರದ ಸಾಲ ವರ್ಷಕ್ಕೆ 20,500 ಡಾಲರ್ ದಾಟದ ಹಾಗೆ ಮಿತಿ ಹಾಕಿದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯ ನೋಡಿ ಅನ್ನಲು ಇದೂ ಒಂದು ಕಾರಣ. ನಿಮ್ಮ ಆಸ್ಪತ್ರೆಯ ಎಚ್‌ಆರ್‌ನಲ್ಲಿ ಫೀಸು ಮರುಪಾವತಿ ಕೇಳಿ. ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆ ಇಲ್ಲ. ಆದರೆ ಎಷ್ಟು ವರ್ಷ ಅಲ್ಲೇ ಕೆಲಸ ಮಾಡಬೇಕು ಅನ್ನುವ ಷರತ್ತನ್ನು ಓದಿಯೇ ಸಹಿ ಹಾಕಿ. ನರ್ಸ್ ಕೋರ್ ಅನ್ನುವ ಸರ್ಕಾರಿ ಯೋಜನೆ ಇದೆ. ನರ್ಸ್‌ಗಳ ಕೊರತೆ ಇರುವ ಜಾಗದಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಓದಿನ ಸಾಲದ ಶೇ 60ರಷ್ಟು ತೀರಿಸುತ್ತಾರೆ. ಗ್ರೀನ್ ಕಾರ್ಡ್ ಇರುವವರೂ ಅರ್ಜಿ ಹಾಕಬಹುದು. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಇನ್ನೊಂದು, ಅದಕ್ಕೆ ಸಿಟಿಜನ್ ಆಗಿರಬೇಕು.

ಟೆಕ್ಸಾಸ್‌ನಲ್ಲೇ ಇರುವ ಯೋಚನೆ ಇದ್ದರೆ ಅಲ್ಲಿನ ಕಾನೂನು ಮೊದಲೇ ತಿಳಿದಿರಲಿ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್ ಸ್ವತಂತ್ರವಾಗಿ ಕೆಲಸ ಮಾಡಬಹುದು, ಉದಾಹರಣೆಗೆ ಅರಿಜೋನಾ, ವಾಷಿಂಗ್ಟನ್, ಕೊಲೊರಾಡೊ. ಟೆಕ್ಸಾಸ್ ಆ ಪಟ್ಟಿಯಲ್ಲಿಲ್ಲ. ಔಷಧಿ ಬರೆಯಲು ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಬೇಕು, ಸ್ವಂತ ಕ್ಲಿನಿಕ್ ಇಟ್ಟರೆ ಆ ಡಾಕ್ಟರಿಗೆ ತಿಂಗಳು ತಿಂಗಳು ಶುಲ್ಕ ಕೊಡುವುದು ಇಲ್ಲಿ ರೂಢಿ. ಅದಕ್ಕಿಂತ ಮುಖ್ಯ, ಷೆಡ್ಯೂಲ್ 2ರ (ಚಟ ಹಿಡಿಸುವ ಅಪಾಯ ಜಾಸ್ತಿ ಅಂತ ಕಾನೂನು ಬಿಗಿ ಮಾಡಿದ) ಔಷಧಿಗಳನ್ನು ಆಸ್ಪತ್ರೆ ಮತ್ತು ಹಾಸ್ಪೈಸ್ (ಕೊನೆಗಾಲದ ಆರೈಕೆ) ಬಿಟ್ಟು ಹೊರಗಿನ ಕ್ಲಿನಿಕ್‌ನಲ್ಲಿ ನೀವು ಬರೆಯುವ ಹಾಗಿಲ್ಲ. ಎಡಿಎಚ್‌ಡಿಗೆ ಕೊಡುವ ಆಡರಾಲ್, ರಿಟಲಿನ್ ಎಲ್ಲ ಅದೇ ಷೆಡ್ಯೂಲ್‌ನಲ್ಲಿ ಬರುತ್ತವೆ. ಮಕ್ಕಳ ಕ್ಲಿನಿಕ್ ಕನಸು ಇದ್ದರೆ ಇದು ಸಣ್ಣ ಅಡ್ಡಿಯಲ್ಲ. ಮಾಜಿ ಸೈನಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ವೆಟರನ್ಸ್ ಆಸ್ಪತ್ರೆಗಳಲ್ಲಿ ಮಾತ್ರ ಕತೆ ಬೇರೆ. 2016ರ ಡಿಸೆಂಬರ್‌ನ ಕೇಂದ್ರ ನಿಯಮದ ಪ್ರಕಾರ ಅಲ್ಲಿನ ನರ್ಸ್ ಪ್ರಾಕ್ಟಿಷನರ್‌ಗಳಿಗೆ ಯಾವ ರಾಜ್ಯವಾದರೂ ಪೂರ್ಣ ಅಧಿಕಾರ ಇದೆ, ಷೆಡ್ಯೂಲ್ ಔಷಧಿಗಳಿಗೆ ಮಾತ್ರ ರಾಜ್ಯದ ಮಿತಿ ಲೆಕ್ಕಕ್ಕೆ ಬರುತ್ತದೆ. ಓದು ಮುಗಿದ ಮೇಲೆ ಒಂದು ವರ್ಷದ ರೆಸಿಡೆನ್ಸಿಯನ್ನೂ ಕೆಲವು ವೆಟರನ್ಸ್ ಆಸ್ಪತ್ರೆಗಳು ಕೊಡುತ್ತವೆ. ಸಂಬಳ ಕಡಿಮೆ, ಕಲಿಕೆ ಜಾಸ್ತಿ. ನಿಮಗೆ ಅಷ್ಟರಲ್ಲಿ ಸಿಟಿಜನ್‌ಶಿಪ್ ಬಂದರೆ ಖಂಡಿತ ನೋಡಿ. ಬರದಿದ್ದರೆ ಮೊದಲ ಕೆಲಸ ಮನೆಯಿಂದ ಕೂತು ಮಾಡುವ ಟೆಲಿಹೆಲ್ತ್ ಆಗದಿರಲಿ. ಪಕ್ಕದ ಕೋಣೆಯಲ್ಲಿ ಕೇಳಲು ಒಬ್ಬ ಹಿರಿಯರು ಇರುವ ಜಾಗ ಹುಡುಕಿ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಎನ್‌ಸಿಸಿಯಲ್ಲಿ 500ಕ್ಕೆ 350 ಬಂದರೆ ಪಾಸು, ಸರ್ಟಿಫಿಕೇಟ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಎನ್‌ಕ್ಲೆಕ್ಸ್ ದಾಟಿದ ನಿಮಗೆ ಇದು ಹೆದರಿಕೆಯ ವಿಷಯವಲ್ಲ. ಷೆಡ್ಯೂಲ್ ಔಷಧಿ ಬರೆಯಲು ಬೇಕಾದ ಡಿಇಎ ನೋಂದಣಿಗೆ ವ್ಯಸನ ಚಿಕಿತ್ಸೆಯ ಬಗ್ಗೆ ಎಂಟು ಗಂಟೆಯ ತರಬೇತಿ ಬೇಕು. ಕೋರ್ಸಿನಲ್ಲೇ ಅದು ಮುಗಿದಿರುತ್ತದಾ ಅಂತ ಕೇಳಿಕೊಳ್ಳಿ.

ಇನ್ನು ನಿಮ್ಮ ಗೆಳತಿ. ಅವರ ಎಂಎಸ್ಸಿಗೆ ಬೆಲೆ ಇದೆ, ಆದರೆ ಅದನ್ನು ತೋರಿಸಿ ನೇರವಾಗಿ ಇಲ್ಲಿ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಆಗಲು ಬರುವುದಿಲ್ಲ. ಸರ್ಟಿಫಿಕೇಷನ್ ಪರೀಕ್ಷೆಗೆ ಕೂರಲು ಮೇಲೆ ಹೇಳಿದ ಮಾನ್ಯತೆ ಇರುವ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಮುಗಿಸಿರಬೇಕು. ಭಾರತದ ಎಂಎಸ್ಸಿ ಶಿಕ್ಷಕರನ್ನೂ ತಜ್ಞ ನರ್ಸ್‌ಗಳನ್ನೂ ತಯಾರು ಮಾಡುತ್ತದೆ, ಔಷಧಿ ಬರೆಯುವವರನ್ನಲ್ಲ. ಅವರು ಮೊದಲು ಎನ್‌ಕ್ಲೆಕ್ಸ್ ಬರೆಯಬೇಕು, ಬೆಂಗಳೂರಿನಲ್ಲೇ ಅದಕ್ಕೆ ಕೇಂದ್ರ ಇದೆ. ಆಮೇಲೆ ವೀಸಾ. ನರ್ಸ್‌ಗಳು ಸಾಮಾನ್ಯವಾಗಿ ಬರುವ ಇಬಿ-3 ಅನ್ನುವ ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದವರಿಗೆ ಹತ್ತು ವರ್ಷಕ್ಕೂ ಮೀರಿದ ಕಾಯುವಿಕೆ ಇದೆ. ವಿದ್ಯಾರ್ಥಿ ವೀಸಾದಲ್ಲಿ ಬರುವುದಾದರೆ ಪೂರ್ತಿ ಆನ್‌ಲೈನ್ ಕೋರ್ಸ್ ನಡೆಯುವುದಿಲ್ಲ, ಕ್ಯಾಂಪಸ್ ಇರುವ ಕೋರ್ಸೇ ಬೇಕು, ಆರ್‌ಎನ್ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು. ಇಲ್ಲಿಗೆ ಬಂದ ಮೇಲೆ ಕೆಲವು ಕಾಲೇಜುಗಳು ಹೊರದೇಶದ ಮಾಸ್ಟರ್ಸ್ ನೋಡಿ ಒಂದೆರಡು ವಿಷಯಕ್ಕೆ ವಿನಾಯಿತಿ ಕೊಡಬಹುದು. ಥ್ರೀ ಪೀಸ್ ಮತ್ತು ಕ್ಲಿನಿಕಲ್ ಗಂಟೆಗಳನ್ನು ಮಾತ್ರ ಪೂರ್ತಿ ಇಲ್ಲಿಯೇ ಮಾಡಬೇಕಾಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಹೊರಡಲಿ. ಅವರು ಸಿಲಬಸ್‌ನ ಪ್ರತಿಗಳನ್ನು, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದರು ಅನ್ನುವ ದಾಖಲೆಯನ್ನು ಕಾಲೇಜಿನ ಮುದ್ರೆ ಹಾಕಿಸಿ ಈಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ವರ್ಷಗಳು ಕಳೆದ ಮೇಲೆ ಕೇಳಿದರೆ ಕಾಲೇಜಿನಲ್ಲಿ ಅದನ್ನು ಹುಡುಕಿಕೊಡುವವರು ಸಿಗುವುದಿಲ್ಲ.